ಹಳೇ ಲಾರಿಗೆ ದೊಡ್ಡ ಇಂಜಿನ್ ಹಾಕಿಸಬೇಕಾ?

ಆರು ತಿಂಗಳಿಂದ ತಲೆಯೊಳಗೆ ಒಂದೇ ಹುಳ. ನಮ್ಮ ಹಳೇ ಲಾರಿಯ ನಾಲ್ಕು ಸಿಲಿಂಡರ್ ಇಂಜಿನ್ ಇಳಿಸಿ ಆರು ಸಿಲಿಂಡರ್‌ದು ಕೂರಿಸಬೇಕು. ಲೋಡ್ ಹಾಕಿಕೊಂಡು ಏರು ಹತ್ತುವಾಗ ಎರಡನೇ ಗೇರಿಗೆ ಬೀಳುತ್ತದೆ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಾರೆ. ಚಾಸಿ ಗಟ್ಟಿ ಇದೆ, ಕ್ಯಾಬಿನ್ ಚೆನ್ನಾಗಿದೆ, ಇಂಜಿನ್ ಒಂದು ಬದಲಾದರೆ ಆಯ್ತಲ್ವಾ ಅಂದುಕೊಂಡಿದ್ದೆ.

ಟೇಪು ಹಿಡಿದು ಬಗ್ಗಿ ನೋಡಿದೆ. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಒಂದು ಗೇಣೂ ಜಾಗ ಇಲ್ಲ. ಎರಡು ಸಿಲಿಂಡರ್ ಜಾಸ್ತಿ ಅಂದರೆ ಅಷ್ಟು ಉದ್ದವೂ ಜಾಸ್ತಿ, ತೂಕವೂ ಜಾಸ್ತಿ. ರೇಡಿಯೇಟರ್ ದೊಡ್ಡದು ಬೇಕು, ಇಂಜಿನ್ ಮೌಂಟಿಂಗ್ ಹೊಸದಾಗಿ ಮಾಡಿಸಬೇಕು, ಮುಂದಿನ ಸ್ಪ್ರಿಂಗ್ ಪಟ್ಟಿಗೆ ಇನ್ನೊಂದೆರಡು ಎಲೆ ಸೇರಿಸಬೇಕು.

ಆದರೆ ನನ್ನನ್ನು ನಿಜವಾಗಿ ಹೆದರಿಸಿದ್ದು ಹಿಂದಿನ ಭಾಗ. ಮೊದಲ ಗೇರಿನಲ್ಲಿ ಟಾರ್ಕ್, ಅಂದರೆ ತಿರುಗಿಸುವ ಬಲ, 7 ಪಟ್ಟು ಆಗುತ್ತದೆ, ಹಿಂದಿನ ಆಕ್ಸಲ್‌ನ ಕ್ರೌನ್ ಪಿನಿಯನ್ ಗೇರುಗಳಿರುವ ಹೌಸಿಂಗಿನಲ್ಲಿ ಮತ್ತೆ 5 ಪಟ್ಟು ಅಂತಿಟ್ಟುಕೊಳ್ಳಿ. ಒಟ್ಟು 35 ಪಟ್ಟು. ಇಂಜಿನ್ 100 ನ್ಯೂಟನ್ ಮೀಟರ್ ಜಾಸ್ತಿ ಕೊಟ್ಟರೆ ಹಿಂದಿನ ಆಕ್ಸಲ್ ಮೇಲೆ 3500 ಜಾಸ್ತಿ ಬೀಳುತ್ತದೆ. ಇಷ್ಟು ವರ್ಷ ಸವೆದ ಕ್ಲಚ್, ಗೇರ್‌ಬಾಕ್ಸ್, ಜಾಯಿಂಟ್, ಕ್ರೌನ್ ಪಿನಿಯನ್ ಇದನ್ನೆಲ್ಲ ತಡೆಯುತ್ತವಾ? ಇನ್ನು ಬ್ರೇಕು. 40ರ ಬದಲು 60ರಲ್ಲಿ ಹೋಗುವ ಲಾರಿ ನಿಲ್ಲಿಸೋಕೆ ಡ್ರಮ್ಮು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ಏರು ಹತ್ತೋದನ್ನೇ ಯೋಚಿಸಿದ್ದೆ, ಇಳಿಯೋದನ್ನಲ್ಲ.

ಇಷ್ಟೆಲ್ಲ ಲೆಕ್ಕ ಒಪ್ಪಿಸಿದ ಮೇಲೆ ಮೆಕ್ಯಾನಿಕ್ ಕೇಳಿದ್ದು ಒಂದೇ ಮಾತು: "ಈಗಿರೋ ಇಂಜಿನ್ ತನ್ನ ಪೂರ್ತಿ ಶಕ್ತಿ ಕೊಡ್ತಾ ಇದೆಯಾ?"

ನಾನು ನೋಡೇ ಇರಲಿಲ್ಲ! ಏರಿನಲ್ಲಿ ಕಪ್ಪು ಹೊಗೆ ಬಿಡುತ್ತಿದ್ದುದನ್ನು ವಯಸ್ಸಾಯ್ತು ಅಂತ ಸುಮ್ನೆ ಬಿಟ್ಟಿದ್ದೆ. ಅವರು ಟರ್ಬೋದಿಂದ ಇಂಜಿನ್ನಿಗೆ ಒತ್ತಿದ ಗಾಳಿ ಒಯ್ಯುವ ಹೋಸ್ ಮೇಲೆ ಕೈಯಾಡಿಸಿ ಕ್ಲಾಂಪ್ ಪಕ್ಕದಲ್ಲಿ ಬೆರಳು ನಿಲ್ಲಿಸಿದರು. ಅಲ್ಲಿ ಉಗುರುದ್ದದ ಸೀಳು, ಸುತ್ತ ಎಣ್ಣೆ ಜಿಡ್ಡು. ಗಾಳಿಯೆಲ್ಲ ಅಲ್ಲೇ ಸೋರಿ ಹೋಗುತ್ತಿತ್ತು. ಹೋಸ್ ಬದಲಾಯಿಸಿ, ಡೀಸೆಲ್ ಫಿಲ್ಟರ್ ಹೊಸದು ಹಾಕಿ ಅದೇ ಏರಿಗೆ ಹೋದೆವು. ಮೂರನೇ ಗೇರಿನಲ್ಲೇ ಹತ್ತಿತು.

ಹಾಗಂತ ಇಂಜಿನ್ ಪೂರ್ತಿ ಸರಿಯಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗಿಂದ ಬುಸ್ ಬುಸ್ ಅಂತ ಹೊಗೆ ಬರುತ್ತದೆ. ಗೇಜ್ ಹಾಕಿದಾಗ ಮೂರನೇ ಸಿಲಿಂಡರ್‌ನಲ್ಲಿ ಕಂಪ್ರೆಷನ್, ಅಂದರೆ ಗಾಳಿಯ ಒತ್ತಡ, ಕಡಿಮೆ ಬಂತು. ಹಾಗಾಗಿ ಇದೇ ಇಂಜಿನ್ ಬಿಚ್ಚಿ ಲೈನರ್, ಪಿಸ್ಟನ್, ರಿಂಗು, ಬೇರಿಂಗು ಹೊಸದು ಹಾಕಿಸುವುದು ಅಂತ ತೀರ್ಮಾನಿಸಿದ್ದೇನೆ. ಇಂಜಿನ್ ಮಾದರಿ ಬದಲಾದರೆ ದಾಖಲೆ, ವಿಮೆ ಅಂತ ಓಡಾಡಬೇಕಾದ ತಲೆನೋವೂ ಇಲ್ಲ.

ಇಂಜಿನ್ನಿನ ಮುಖ್ಯ ಒಡಲಾದ ಬ್ಲಾಕೇ ಬಿರುಕು ಬಿಟ್ಟಿದ್ದರೆ ಬೇರೆ ಮಾತು. ಆಗಲೂ ಬರೀ ಇಂಜಿನ್ ತರುತ್ತಿರಲಿಲ್ಲ. ಅದೇ ಕಂಪನಿಯ ಇನ್ನೊಂದು ಲಾರಿಯಿಂದ ಗೇರ್‌ಬಾಕ್ಸ್, ರೇಡಿಯೇಟರ್, ವೈರಿಂಗ್ ಎಲ್ಲ ಒಟ್ಟಿಗೆ ತರುತ್ತಿದ್ದೆ.

ಮುಂದಿನ ವಾರ ಇಂಜಿನ್ ಇಳಿಸುತ್ತೇವೆ. ಆ ಆರು ಸಿಲಿಂಡರಿನ ಫೋಟೋ ಇನ್ನೂ ಫೋನಿನಲ್ಲೇ ಇದೆ. ಅಳಿಸೋಕೆ ಮನಸ್ಸು ಬಂದಿಲ್ಲ.