ಇಲಿಗೆ ಟೆಂಡರ್ ಇದೆ, ತೂತಿಗೆ ಇಲ್ಲ

ಈ ದೇಶದಲ್ಲಿ ರಜೆ ಕೇಳದೆ, ಬಡ್ತಿ ಕೇಳದೆ, ಯಾವ ಆರೋಪ ಹೊರಿಸಿದರೂ ತುಟಿಪಿಟಕ್ಕೆನ್ನದೆ ದುಡಿಯುವ ಸರ್ಕಾರಿ ನೌಕರ ಯಾರಾದರೂ ಇದ್ದರೆ ಅದು ಇಲಿ. 2017ರಲ್ಲಿ ಬಿಹಾರದ ಪೊಲೀಸರು ಜಪ್ತಿ ಮಾಡಿದ್ದ 9 ಲಕ್ಷ ಲೀಟರಿಗೂ ಮೀರಿದ ಮದ್ಯದ ಲೆಕ್ಕ ಕೇಳಿದಾಗ, ಬಹಳಷ್ಟನ್ನು ಇಲಿ ಕುಡಿದವು ಎಂಬ ಉತ್ತರ ಬಂತು. 2022ರಲ್ಲಿ ಮಥುರಾ ಪೊಲೀಸರು 581 ಕೆ.ಜಿ. ಗಾಂಜಾವನ್ನು ಇಲಿಗಳು ತಿಂದುಬಿಟ್ಟವು ಎಂದು ನ್ಯಾಯಾಲಯಕ್ಕೇ ವರದಿ ಕೊಟ್ಟರು. ಮುದ್ದೆಮಾಲು ಕೋಣೆಗೆ ಬೀಗ, ಬೀಗಕ್ಕೆ ಸೀಲು, ಬಾಗಿಲಿಗೆ ಕಾವಲು. ಎಲ್ಲವನ್ನೂ ದಾಟಿ ಒಳಹೊಕ್ಕಿದ್ದು ಇಲಿ ಒಂದೇ!

ಇಲಿಯ ಪರ ವಕಾಲತ್ತು ಹಾಕುವವರಿಲ್ಲ. ಲೆಕ್ಕವನ್ನಾದರೂ ಹಾಕೋಣ. ಚೆನ್ನಾಗಿ ಬೆಳೆದ ಮನೆ ಇಲಿ ದಿನಕ್ಕೆ ತಿನ್ನುವುದು ಹೆಚ್ಚೆಂದರೆ 25 ಗ್ರಾಂ. ಹಾಗಾದರೆ 581 ಕೆ.ಜಿ. ಮುಗಿಸಲು ಸಾವಿರ ಇಲಿಗಳು ಬೇರೇನನ್ನೂ ಮುಟ್ಟದೆ 23 ದಿನ ಪಂಕ್ತಿಯಲ್ಲಿ ಕೂರಬೇಕು. ಒಂದು ಇಲಿ ದಿನಕ್ಕೆ ಸುಮಾರು 40 ಹಿಕ್ಕೆ ಹಾಕುತ್ತದೆ. ಅಂದರೆ ಆ ಕೋಣೆಯಲ್ಲಿ 9 ಲಕ್ಷಕ್ಕೂ ಹೆಚ್ಚು ಹಿಕ್ಕೆ ಬಿದ್ದಿರಬೇಕು. ಗಾಂಜಾ ಹೋದರೆ ಹೋಗಲಿ, ಹಿಕ್ಕೆಯನ್ನಾದರೂ ತೂಗಿ ಪಂಚನಾಮೆ ಮಾಡಬಹುದಿತ್ತು. ಮದ್ಯದ ಕಥೆ ಇನ್ನೂ ಸೊಗಸು. ಇಲಿ ದಿನಕ್ಕೆ ಕುಡಿಯುವುದು 30 ಮಿ.ಲೀ. ಆಸುಪಾಸು, 9 ಲಕ್ಷ ಲೀಟರಿಗೆ ಒಂದೇ ದಿನ ಮೂರು ಕೋಟಿ ಇಲಿಗಳು ಬೇಕು, ಅಥವಾ ಒಂದೇ ಇಲಿಗೆ ಮೂರು ಕೋಟಿ ದಿನಗಳ ಆಯುಷ್ಯ ಬೇಕು.

ಇದಕ್ಕಿಂತ ದೊಡ್ಡ ಸಂಗತಿ, ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಅದರ ದೇಹದ ರಚನೆಯೇ ಹಾಗಿದೆ. ಒಳಗೆ ಹೋದದ್ದು ಹೊರಗೆ ಬಾರದು ಎಂದು ಗೊತ್ತಿರುವುದರಿಂದಲೇ ಅದು ಹೊಸ ತಿನಿಸನ್ನು ಚೂರೇ ಚೂರು ಕಚ್ಚಿ, ಮೈಯಲ್ಲಿ ಏನಾಗುತ್ತದೆ ನೋಡಿ, ಆಮೇಲಷ್ಟೇ ಮುಂದಿನ ತುತ್ತಿಗೆ ಬಾಯಿ ಹಾಕುತ್ತದೆ. ಇಷ್ಟು ಎಚ್ಚರದ ಪ್ರಾಣಿಯನ್ನು ಕುಡುಕರ ಪಟ್ಟಿಗೆ ಸೇರಿಸಿದ್ದು ಶುದ್ಧ ಮಾನಹಾನಿ.

ನ್ಯಾಯಕ್ಕೆ ಇದನ್ನೂ ಹೇಳಬೇಕು: 2018ರಲ್ಲಿ ಅಸ್ಸಾಮಿನ ತಿನ್‌ಸುಕಿಯಾದ ಎಟಿಎಂ ಒಂದರಲ್ಲಿ 12 ಲಕ್ಷಕ್ಕೂ ಹೆಚ್ಚು ರೂಪಾಯಿಯ ನೋಟು ಚೂರಾಗಿದ್ದು ನಿಜವಾಗಿಯೂ ಇಲಿಯಿಂದಲೇ. ಚೂರುಗಳೂ ಇದ್ದವು, ಸತ್ತ ಇಲಿಯೂ ಇತ್ತು. ಇಲಿ ತಪ್ಪು ಮಾಡಿದಾಗ ಸಾಕ್ಷ್ಯ ಹೀಗಿರುತ್ತದೆ.

ಇನ್ನು ಇಲಿ ಹಿಡಿಯುವವರ ಲೆಕ್ಕ. 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ವಿಧಾನಸಭೆಯಲ್ಲಿ ಆಡಳಿತ ಪಕ್ಷದ ಏಕನಾಥ ಖಡ್ಸೆಯವರೇ ಎದ್ದು ನಿಂತು ಕೇಳಿದರು: ಮುಂಬೈಯ ಮಂತ್ರಾಲಯದಲ್ಲಿ, ಅಂದರೆ ರಾಜ್ಯ ಸಚಿವಾಲಯದಲ್ಲಿ, ಆರು ತಿಂಗಳ ಗುತ್ತಿಗೆಯನ್ನು ಏಳೇ ದಿನಕ್ಕೆ ಮುಗಿಸಿ 3,19,400 ಇಲಿ ಕೊಂದರಂತೆ, ಹೇಗೆ? ನಿಮಿಷಕ್ಕೆ 31 ಇಲಿ, ಹಗಲೂ ರಾತ್ರಿ, ಊಟಕ್ಕೂ ಏಳದೆ. ಇಲಿಯೊಂದಕ್ಕೆ 200 ಗ್ರಾಂ ಹಿಡಿದರೂ ದಿನಕ್ಕೆ 9 ಟನ್ ಹೆಣ. ಅಷ್ಟನ್ನು ಹೊತ್ತ ಲಾರಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಮೇಲೆ ಸಮಜಾಯಿಷಿ ಬಂತು: ಅದು ಇಲಿಯ ಸಂಖ್ಯೆಯಲ್ಲ, ಇಟ್ಟ ವಿಷದ ಗುಳಿಗೆಗಳ ಸಂಖ್ಯೆ! ಸರಿ, ಗುಳಿಗೆ ಅಂತಲೇ ಇಟ್ಟುಕೊಳ್ಳೋಣ. ನಿಮಿಷಕ್ಕೆ 31 ಗುಳಿಗೆ ಇಟ್ಟ ಆ ಕೈ ಯಾವುದು? ಯಾವ ಮೂಲೆಯ ಎಷ್ಟು ಗುಳಿಗೆ ಖಾಲಿಯಾಯಿತು ಎಂದು ಮರುದಿನ ನೋಡಿದವರು ಯಾರು? ಬಲ್ಲವರು ವಿಷ ಇಟ್ಟ ಮೇಲೆ ಮೊದಲು ಬರೆದಿಡುವುದು ಅದನ್ನೇ. ತಿಂದದ್ದು ಎಷ್ಟು ಎಂದು ಗೊತ್ತಿಲ್ಲದಿದ್ದರೆ ಇಟ್ಟದ್ದು ಎಷ್ಟು ಎಂಬುದು ಬರೀ ಸ್ಟೋರ್ ರಿಜಿಸ್ಟರ್.

ಲಖನೌ ರೈಲ್ವೆ ವಿಭಾಗದ ಸುದ್ದಿ 2023ರಲ್ಲಿ ಮಾಹಿತಿ ಹಕ್ಕಿನಡಿ ಹೊರಬಿತ್ತು. ಮೂರು ವರ್ಷಕ್ಕೆ 69 ಲಕ್ಷ ರೂಪಾಯಿ, ಸಿಕ್ಕ ಇಲಿ 168. ತಲಾ 41 ಸಾವಿರ. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಗೆ ಕೊನೆಗೂ ಒಂದು ದರಪಟ್ಟಿ ಸಿಕ್ಕಿತು ಎಂದು ಜನ ನಕ್ಕರು. ಇದು ಇಲಿಯೊಂದರ ಖರ್ಚಲ್ಲ, ಬೋಗಿಗಳಲ್ಲಿ ಜಿರಲೆ ತಿಗಣೆ ಇಲಿ ಎಲ್ಲ ಸೇರದಂತೆ ನೋಡಿಕೊಳ್ಳುವ ಕೆಲಸ ಎಂದು ರೈಲ್ವೆ ಹೇಳಿತು. ಮಾತಿನಲ್ಲಿ ಹುರುಳಿದೆ. ಇಲಿ ಬಾರದಂತೆ ಮಾಡುವ ಕೆಲಸದಲ್ಲಿ ಗೆದ್ದರೆ ತೋರಿಸಲು ಇಲಿಯೇ ಇರುವುದಿಲ್ಲ. ಆದರೆ ಕಚೇರಿಗೆ ಎಣಿಸಲು ಏನಾದರೂ ಬೇಕಲ್ಲ!

ಎಣಿಸುವ ಹುಚ್ಚು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 1902ರಲ್ಲೇ ವಿಯೆಟ್ನಾಮಿನ ಹನೋಯ್ ನಗರ ತೋರಿಸಿತ್ತು. ಅಲ್ಲಿ ಆಳುತ್ತಿದ್ದ ಫ್ರೆಂಚರು ತಮ್ಮ ಬಡಾವಣೆಗೆ ಹೊಸ ಒಳಚರಂಡಿ ಕಟ್ಟಿಸಿದರು, ಇಲಿಗಳಿಗೆ ನೇರ ಹೆದ್ದಾರಿ ಸಿಕ್ಕಿತು. ಒಂದು ಬಾಲ ತಂದರೆ ಒಂದು ಸೆಂಟ್ ಬಹುಮಾನ ಎಂದು ಸಾರಿದರು. ಬಾಲಗಳು ರಾಶಿ ಬಿದ್ದವು, ಊರಿನಲ್ಲಿ ಮೋಟು ಬಾಲದ ಇಲಿಗಳು ಓಡಾಡತೊಡಗಿದವು. ಬಾಲ ಕತ್ತರಿಸಿ ಬಿಟ್ಟರೆ ಅವು ಮರಿ ಹಾಕುತ್ತವೆ, ಮರಿಗೂ ಬಾಲ ಇರುತ್ತದೆ. ಊರ ಹೊರಗೆ ಇಲಿ ಸಾಕುವವರೂ ಹುಟ್ಟಿಕೊಂಡರು. ಬಹುಮಾನ ನಿಂತಿತು.

ಕಚೇರಿಯನ್ನು ನೋಡಿ ನಕ್ಕವರ ಮನೆಯ ಕಥೆ ಏನು? ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸುವುದು ಹೊಸದೇನಲ್ಲ. ಅಪಾರ್ಟ್‌ಮೆಂಟಿನಲ್ಲಿ ಪ್ಲಗ್ಗಿಗೆ ಸಿಕ್ಕಿಸಿ ಶಬ್ದದಿಂದ ಇಲಿ ಓಡಿಸುವ ಡಬ್ಬಿಗೆ ಎರಡು ಸಾವಿರ ಕೊಡುತ್ತಾರೆ. ಆ ಶಬ್ದ ಗೋಡೆ ದಾಟುವುದಿಲ್ಲ, ಸೋಫಾ ದಾಟುವುದಿಲ್ಲ, ನಾಲ್ಕು ದಿನಕ್ಕೆ ಇಲಿಗೆ ಒಗ್ಗಿಹೋಗುತ್ತದೆ. ಇಂಥ ಡಬ್ಬಿ ಮಾಡುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ನಮ್ಮಲ್ಲಿ ಅದು ಇನ್ನೂ ಹೊಸ ತಂತ್ರಜ್ಞಾನ.

ಪಾಷಾಣದ ಅಂಗಡಿಯ ಮಾತು ಇನ್ನೊಂದು. "ಏನೂ ಯೋಚನೆ ಮಾಡ್ಬೇಡಿ ಸಾರ್, ಇದನ್ನ ತಿಂದ್ರೆ ನೀರು ಹುಡುಕ್ಕೊಂಡು ಹೊರಗೋಗಿ ಸಾಯುತ್ತೆ." ಇಲಿಗೆ ಅಂಥ ಸೌಜನ್ಯ ಇಲ್ಲ. ಬ್ರೊಮಾಡಿಯಲೋನ್ ಇರುವ ಇಲಿ ಕೇಕ್ ರಕ್ತ ಹೆಪ್ಪುಗಟ್ಟದಂತೆ ಮಾಡಿ ನಾಲ್ಕರಿಂದ ಏಳು ದಿನಕ್ಕೆ ಕೊಲ್ಲುತ್ತದೆ. ಅಷ್ಟರಲ್ಲಿ ಇಲಿ ಮಲಗಿರುವುದು ಅಟ್ಟದ ಮೇಲೋ, ಫ್ರಿಜ್ಜಿನ ಹಿಂದೋ, ಫಾಲ್ಸ್ ಸೀಲಿಂಗಿನೊಳಗೋ. ವಾಸನೆ ಹತ್ತು ದಿನ ಹೋಗದು. ಜಿಂಕ್ ಫಾಸ್ಫೈಡ್ ಆದರೆ ಹೊಟ್ಟೆಯ ಆಮ್ಲ ತಾಗಿ ವಿಷಾನಿಲ ಎದ್ದು ಬೇಗ ಕೊಲ್ಲುತ್ತದೆ. ಆದರೆ ಹೊಲದಲ್ಲಿ ಬಳಸುವವರಿಗೂ ಗೊತ್ತು, ಮೊದಲು ಎರಡು ಮೂರು ದಿನ ಬರೀ ನುಚ್ಚು ಎಣ್ಣೆ ಇಟ್ಟು ರುಚಿ ಹಿಡಿಸಬೇಕು, ಆಮೇಲೆ ನೂರು ಗ್ರಾಂಗೆ ಎರಡು ಗ್ರಾಂ ವಿಷ. ಮೊದಲ ದಿನವೇ ಬೆರೆಸಿದರೆ ಅರೆಬರೆ ತಿಂದು ಉಳಿದ ಇಲಿ ಮತ್ತೆ ಆ ತಿನಿಸಿನ ಕಡೆ ಮೂತಿ ತಿರುಗಿಸದು. ಮನೆಯೊಳಗೆ ಅದನ್ನು ತರಲೇಬಾರದು. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟಿಗಂತೂ ಮನುಷ್ಯರಿಗೆ ಪ್ರತಿವಿಷವೇ ಇಲ್ಲ. ಬ್ರೆಡ್ಡಿಗೆ ಸವರಿ ಮಗುವಿನ ಕೈಗೆಟಕುವಲ್ಲಿ ಇಡುವವರು ಇಲಿಗಿಂತ ಅಪಾಯಕಾರಿ.

ಬೋನಿಟ್ಟವರದ್ದು ಮತ್ತೊಂದು ಬಗೆಯ ದಯೆ. ಬೋಂಡದ ಆಸೆಗೆ ಸಿಕ್ಕಿದ ಇಲಿಯನ್ನು ಬೆಳಿಗ್ಗೆ ವಾಕಿಂಗಿಗೆ ಹೋಗುವಾಗ ಪಕ್ಕದ ಲೇಔಟಿನ ಪಾರ್ಕಿನಲ್ಲಿ ಬಿಟ್ಟು ಬರುತ್ತಾರೆ. ಆ ಲೇಔಟಿನವರೂ ವಾಕಿಂಗಿಗೆ ಬರುತ್ತಾರೆ, ಕೈಯಲ್ಲಿ ಬೋನು ಹಿಡಿದು. ಎರಡು ಸಂಘಗಳು ಸೇರಿ ಒಂದೇ ಇಲಿಯನ್ನು ವರ್ಷಪೂರ್ತಿ ಹಿಡಿಯಬಹುದು. ಸ್ಪ್ರಿಂಗ್ ಬೋನು ಇಡುವವರೂ ಒಂದೇ ಒಂದನ್ನು ಕೋಣೆಯ ನಡುವೆ ಇಡುತ್ತಾರೆ. ಇಲಿ ನಡೆಯುವುದು ಗೋಡೆಗೆ ಮೀಸೆ ತಾಗಿಸಿಕೊಂಡು. ಬೋನು ಗೋಡೆಗೆ ಅಡ್ಡವಾಗಿ, ತಿನಿಸಿನ ತುದಿ ಗೋಡೆ ಕಡೆಗೆ ಇರಬೇಕು. ಎರಡು ಮೂರು ಮೀಟರಿಗೊಂದರಂತೆ ಒಟ್ಟಿಗೇ ಆರು ಇಡಬೇಕು. ದೊಡ್ಡ ಇಲಿಯಾದರೆ ಮೊದಲ ಕೆಲವು ದಿನ ಸ್ಪ್ರಿಂಗ್ ಎಳೆಯದೆ ಹಾಗೇ ತಿನ್ನಲು ಬಿಡಬೇಕು.

ಇಷ್ಟೆಲ್ಲ ಆದರೂ ತೂತು ತೂತಾಗಿಯೇ ಉಳಿದಿರುತ್ತದೆ. ಪೆನ್ಸಿಲ್ ತೂರುವ ಸಂದಿಯಲ್ಲಿ ಸಣ್ಣ ಇಲಿ, ಹೆಬ್ಬೆರಳು ತೂರುವ ಸಂದಿಯಲ್ಲಿ ದೊಡ್ಡ ಇಲಿ. ಸಿಂಕಿನ ಕೆಳಗೆ ಒಮ್ಮೆ ಬಗ್ಗಿ ನೋಡಿ: ಒಂದೂವರೆ ಇಂಚಿನ ಪೈಪಿಗೆ ಪ್ಲಂಬರ್ ನಾಲ್ಕಿಂಚು ಗೋಡೆ ಒಡೆದು, ಸುತ್ತ ಹಳೆ ಗೋಣಿಚೀಲ ತುರುಕಿ ಹೋಗಿರುತ್ತಾನೆ. ಎಸಿ ಪೈಪಿನ ತೂತು, ಇಂಟರ್ನೆಟ್ ಕೇಬಲ್ಲಿನ ತೂತು, ಬಚ್ಚಲ ಮೋರಿಯ ಮುರಿದ ಜಾಲರಿ, ಹಿಂಬಾಗಿಲಿನ ಅಡಿ. ಮೊದಲು ತೂತಿಗೆ ಸಂಜೆ ಹಳೆ ಪೇಪರ್ ಉಂಡೆ ತುರುಕಬೇಕು. ಎರಡು ಮೂರು ದಿನ ಅದು ಅಲುಗದಿದ್ದರೆ ಒಳಗೆ ಇಲಿ ಇಲ್ಲ, ಮುಚ್ಚಬಹುದು. ಅಲುಗಿದರೆ ಮೊದಲು ಬೋನು. ಮುಚ್ಚುವಾಗ ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ಒತ್ತಿ ತುಂಬಿ, ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ, ಅದರೊಳಗೆ ಒಡೆದ ಗಾಜಿನ ಚೂರು. ಸ್ಪ್ರೇ ಫೋಮ್ ಮಾತ್ರ ಹಾಕಿದರೆ ಇಲಿಗೆ ಒಂದು ರಾತ್ರಿಯ ಕೆಲಸ. ಬಾಗಿಲಿನಡಿ ಕಬ್ಬಿಣದ ಪಟ್ಟಿ ಬಡಿದು ಸಂದಿ 6 ಮಿ.ಮೀ.ಗಿಂತ ಕಡಿಮೆ ಮಾಡಬೇಕು. ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸದೆ ಬ್ಲೀಚಿಂಗ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಹಾಕಿ ಒರೆಸಬೇಕು. ಇಲಿ ಜ್ವರ ಬರುವುದು ಇಲಿಯ ಮೂತ್ರದಿಂದ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಆಡಳಿತ ಕಿಕ್ಕಿರಿದ ಪೇಟೆಯ ಹೊರಗೆ ಮಲ್ಲೇಶ್ವರ, ಬಸವನಗುಡಿಗಳನ್ನು ಅಗಲ ಬೀದಿಗಳೊಂದಿಗೆ ಕಟ್ಟಿಸಿತು. ಇಲಿಗಿಂತ ಮೊದಲು ಮನೆಯನ್ನು ನೋಡಬೇಕು ಎಂಬ ಬುದ್ಧಿ ಆಗ ಇತ್ತು.

ಈಗ ಯಾವುದಾದರೂ ಸರ್ಕಾರಿ ಕಟ್ಟಡದಲ್ಲಿ ತೂತು ಮುಚ್ಚಲು ಅರ್ಜಿ ಹಾಕಿದಿರಿ ಎನ್ನಿ. ಗೋಡೆ ಲೋಕೋಪಯೋಗಿಯದ್ದು, ಪೈಪು ನೀರಿನವರದ್ದು, ಕೇಬಲ್ಲು ವಿದ್ಯುತ್ ಶಾಖೆಯದ್ದು, ಇಲಿ ಆರೋಗ್ಯ ಶಾಖೆಯದ್ದು, ತೂತು ಮಾತ್ರ ಯಾರದ್ದೂ ಅಲ್ಲ. ಅಂದಾಜುಪಟ್ಟಿ ತಯಾರಾಗುತ್ತದೆ: ಸಿಮೆಂಟ್ ಐದು ಕೆ.ಜಿ., ಮರಳು ಹದಿನೈದು ಕೆ.ಜಿ., ಸ್ಕ್ರಬ್ಬರ್ ಒಂದು ಡಜನ್, ಗಾರೆಯವರ ಅರ್ಧ ದಿನದ ಕೂಲಿ. ಒಂದು ವಾರದ ನಂತರ ಷರಾ ಬರುತ್ತದೆ: ಇಷ್ಟು ಚಿಕ್ಕ ಮೊತ್ತಕ್ಕೆ ಟೆಂಡರ್ ಕರೆಯಲು ಅವಕಾಶವಿಲ್ಲದ ಕಾರಣ ಕಾಮಗಾರಿ ಕೈಬಿಡಲಾಗಿದೆ.