ಫಾಸ್ಟ್ ಬೇರೆ, ಕ್ವಿಕ್ ಬೇರೆ

ಇಂಗ್ಲಿಷ್ ಕಲಿಸುವ ಪುಸ್ತಕಗಳಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಫಾಸ್ಟ್ ಅಂದರೆ ಕ್ವಿಕ್, ಕ್ವಿಕ್ ಅಂದರೆ ಫಾಸ್ಟ್. ಮುಗೀತು. ಮಕ್ಕಳು ಅದನ್ನೇ ಬಾಯಿಪಾಠ ಮಾಡಿ, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುತ್ತಾರೆ. ತಪ್ಪು ಮಕ್ಕಳದ್ದಲ್ಲ, ಪಟ್ಟಿಯದ್ದು.

ಫಾಸ್ಟ್ ನೋಡುವುದು ವೇಗವನ್ನು. ಕ್ವಿಕ್ ನೋಡುವುದು ಹಿಡಿದ ಸಮಯವನ್ನು. ಹಾಗಾಗಿ ಕಾರು ಫಾಸ್ಟ್, ಉತ್ತರ ಕ್ವಿಕ್. ಸುಮ್ನೆ ಒಮ್ಮೆ ಕಣ್ಣಾಡಿಸಿದರೆ ಅದು 'ಕ್ವಿಕ್ ಲುಕ್'. ಅಲ್ಲಿ ಫಾಸ್ಟ್ ಹೊಂದುವುದೇ ಇಲ್ಲ. ಗಡಿಯಾರ ಮುಂದೆ ಓಡುತ್ತಿದ್ದರೆ ಮಾತ್ರ ಅದು ಫಾಸ್ಟ್, ಕ್ವಿಕ್ ಅಲ್ಲ.

2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರ್ ಓಟವನ್ನು 9.58 ಸೆಕೆಂಡಿನಲ್ಲಿ ಮುಗಿಸಿದ್ದು ಗೊತ್ತಲ್ವಾ? ಗುಂಡಿನ ಸದ್ದು ಕೇಳಿ ಹೊರಡಲು ಬೋಲ್ಟ್‌ಗೆ ಹಿಡಿದದ್ದು 0.146 ಸೆಕೆಂಡ್. ಎರಡನೇ ಸ್ಥಾನ ಪಡೆದ ಟೈಸನ್ ಗೇಗೆ 0.144. ಹೊರಡುವುದರಲ್ಲಿ ಗೇ ಒಂದು ಕೂದಲೆಳೆಯಷ್ಟು ಜಾಸ್ತಿ ಕ್ವಿಕ್, ಓಟದಲ್ಲಿ ಬೋಲ್ಟ್ ಎಲ್ಲರಿಗಿಂತ ಫಾಸ್ಟ್. ಕ್ರಿಕೆಟ್‌ನಲ್ಲೂ ಹಾಗೆಯೇ. ಚೆಂಡನ್ನು ಮೆಲ್ಲಗೆ ತಟ್ಟಿ ತಟಕ್ಕನೆ ಕದಿಯುವ ರನ್ನು ಕ್ವಿಕ್ ಸಿಂಗಲ್. (ಫಾಸ್ಟ್ ಬೌಲರುಗಳನ್ನೇ ಕ್ವಿಕ್ ಎಂದು ಕರೆಯುವ ರೂಢಿಯೂ ಇದೆ. ಭಾಷೆ ಪೂರ್ತಿಯಾಗಿ ನಿಯಮ ಪಾಲಿಸುವುದಿಲ್ಲ.)

ನನಗೆ ತುಂಬ ಇಷ್ಟವಾದದ್ದು ಇವುಗಳ ಹಿಂದಿನ ಕಥೆ. ಫಾಸ್ಟ್ ಪದಕ್ಕೆ ಮೊದಲು ವೇಗದ ಸಂಬಂಧವೇ ಇರಲಿಲ್ಲ. ಗಟ್ಟಿ, ಅಲುಗಾಡದ್ದು ಎಂದೇ ಅರ್ಥ. ಬಿಗಿಯುವುದಕ್ಕೆ 'ಫಾಸನ್', ಗಾಢ ನಿದ್ದೆಗೆ 'ಫಾಸ್ಟ್ ಅಸ್ಲೀಪ್', ಬಟ್ಟೆಯ ಬಣ್ಣ ಬಿಡದಿದ್ದರೆ 'ಕಲರ್‌ಫಾಸ್ಟ್'. ಇಲ್ಲೆಲ್ಲ ಆ ಹಳೆಯ ಅರ್ಥ ಉಳಿದಿದೆ. ಗಟ್ಟಿಯಾಗಿ, ಬಲ ಹಾಕಿ ಮಾಡುವುದು ಎಂಬಲ್ಲಿಂದ ನಿಧಾನಕ್ಕೆ ವೇಗದ ಅರ್ಥ ಬಂತು. ನಾವೂ 'ಜೋರಾಗಿ ಓಡು' ಅನ್ನುತ್ತೇವೆ. ಜೋರು ಅಂದರೆ ಮೂಲದಲ್ಲಿ ಬಲವೇ!

ಕ್ವಿಕ್ ಅಂದರೆ ಜೀವವಿರುವುದು ಎಂದಿತ್ತು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಬದುಕಿರುವವರನ್ನು ಕ್ವಿಕ್ ಎಂದೇ ಕರೆದಿದ್ದಾರೆ. ಪಾದರಸದ ಹಳೆಯ ಹೆಸರು ಕ್ವಿಕ್‌ಸಿಲ್ವರ್, ಜೀವವಿರುವ ಬೆಳ್ಳಿ. ಇನ್ನೂ ಚಂದದ ಸಂಗತಿ ಅಂದರೆ, ಸಂಸ್ಕೃತದಿಂದ ನಮಗೆ ಬಂದ 'ಜೀವ' ಮತ್ತು ಇಂಗ್ಲಿಷಿನ ಕ್ವಿಕ್ ಒಂದೇ ಬೇರಿನಿಂದ ಚಿಗುರಿದವು. ಕ್ವಿಕ್ ಪದಕ್ಕೆ ಇವತ್ತಿಗೂ ಒಂದು ಚುರುಕುತನ ಅಂಟಿಕೊಂಡಿರುವುದು ಇದಕ್ಕೇ. ಬುದ್ಧಿ ಕ್ವಿಕ್, ಮಾತಿಗೆ ತಿರುಮಾತು ಕ್ವಿಕ್, ತಟ್ಟನೆ ಬರುವ ಸಿಟ್ಟೂ ಕ್ವಿಕ್.

ಇದನ್ನೆಲ್ಲ ತರಗತಿಯಲ್ಲಿ ಹತ್ತು ನಿಮಿಷ ಹೇಳಿದರೆ ಮಕ್ಕಳು ಮರೆಯುತ್ತಾರಾ? ಜೊತೆಗೆ ನಮ್ಮ 'ಬೇಗ' ಮಾಡುವ ಗೊಂದಲವನ್ನೂ ಬಿಡಿಸಿ ಹೇಳಬೇಕು. 'ಬೇಗ ಬಾ' ಎಂಬುದನ್ನು ಎಷ್ಟೋ ಜನ 'ಕಮ್ ಫಾಸ್ಟ್' ಎಂದು ಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಬರಲಿ ಎಂದಿದ್ದರೆ 'ಕಮ್ ಸೂನ್'. ಹೇಳಿದ ಹೊತ್ತಿಗಿಂತ ಮೊದಲೇ ಬರಲಿ ಎಂದಿದ್ದರೆ 'ಕಮ್ ಅರ್ಲಿ'. ತಡಮಾಡದೆ ಈಗಲೇ ಬರಬೇಕಿದ್ದರೆ 'ಕಮ್ ಕ್ವಿಕ್ಲಿ'. ಇನ್ನು 'ಫಾಸ್ಟ್ಲಿ' ಎಂಬ ಪದ ಇವತ್ತಿನ ಇಂಗ್ಲಿಷಿನ ಬಳಕೆಯಲ್ಲಿ ಇಲ್ಲ. 'ರನ್ ಫಾಸ್ಟ್' ಅಂದರೆ ಸಾಕು.