ಊದಬೇಡಿ, ನಾಲ್ಕನೇ ಕಾಲು ಎತ್ತಿ

ನಿಂಟೆಂಡೊ ಕಂಪನಿ ಅಮೆರಿಕದಲ್ಲಿ ಮಾರಿದ ಹಳೇ ಟಿವಿ ಗೇಮ್ ಮಿಷಿನ್ ಎನ್‌ಇಎಸ್ ಇಟ್ಟುಕೊಂಡವರಿಗೆಲ್ಲ ಈ ಕಾಟ ಗೊತ್ತು. ಪವರ್ ಒತ್ತಿದರೆ ಕೆಂಪು ದೀಪ ಸೆಕೆಂಡಿಗೊಮ್ಮೆ ಹತ್ತಿ ಆರುತ್ತದೆ, ಟಿವಿ ಪರದೆಯೂ ಅದರ ಜೊತೆಗೇ ಮಿಣುಕುತ್ತದೆ. ಕೂಡಲೇ ಎಲ್ಲರೂ ಆಟದ ಕ್ಯಾಸೆಟ್ ಎಳೆದು, ಬಾಯಿಟ್ಟು ಊದುತ್ತಾರೆ. ದಯವಿಟ್ಟು ಊದಬೇಡಿ. ಉಸಿರಿನ ತೇವ ಕೂತು, ಮಿಷಿನ್ನಿನ ಪಿನ್ನುಗಳಿಗೆ ತಾಗುವ ಕ್ಯಾಸೆಟ್ಟಿನ ಲೋಹದ ಪಟ್ಟಿಗಳು ಕಪ್ಪಾಗುತ್ತವೆ. ಊದಿದ ಮೇಲೆ ಆಟ ಶುರುವಾದರೆ ಅದು ಗಾಳಿಯ ಗುಣವಲ್ಲ. ತೆಗೆದು ಮತ್ತೆ ಹಾಕುವಾಗ ಪಿನ್ನುಗಳು ಕೂದಲೆಳೆಯಷ್ಟು ಆಚೀಚೆ ಸರಿದು ಒಳ್ಳೆಯ ಜಾಗ ಹಿಡಿದಿರುತ್ತವೆ, ಅಷ್ಟೇ.

ಇದೇ ಮಿಷಿನ್ನಿನ ಜಪಾನಿ ಅಣ್ಣ ಫ್ಯಾಮಿಕಾಮ್‌ಗೆ ಈ ರೋಗ ಇಲ್ಲವೇ ಇಲ್ಲ. ಯಾಕೆ ಅನ್ನುವುದನ್ನು ತಿಳಿದುಕೊಂಡರೆ ರಿಪೇರಿ ದಾರಿಯೂ ಹೊಳೆಯುತ್ತದೆ.

ಫ್ಯಾಮಿಕಾಮ್ ಜಪಾನಿನಲ್ಲಿ ಮಾರಾಟಕ್ಕೆ ಬಂದಿದ್ದು 1983ರ ಜುಲೈ 15ಕ್ಕೆ, 14,800 ಯೆನ್ ಬೆಲೆಗೆ. ಕ್ಯೋಟೊದಲ್ಲಿ ಮಸಾಯುಕಿ ಉಯೆಮುರಾ ಅವರ ತಂಡ ರೂಪಿಸಿದ ಈ ಮಿಷಿನ್ನಿಗೆ ಕ್ಯಾಸೆಟ್ಟನ್ನು ಮೇಲಿನಿಂದ ನೆಟ್ಟಗೆ ಚುಚ್ಚಬೇಕು. 60 ಪಿನ್ನು, ಗಟ್ಟಿ ಹಿಡಿತ, ಹೊರಗೆ ತೆಗೆಯಲು ಒಂದು ಸನ್ನೆ. ಕ್ಯಾಸೆಟ್ ಅಸಲಿಯೋ ಅಂತ ಪರೀಕ್ಷಿಸುವ ಕಾವಲು ಚಿಪ್ ಇಲ್ಲ.

ಅದೇ ವರ್ಷ ಅಮೆರಿಕದಲ್ಲಿ ವಿಡಿಯೊ ಗೇಮ್ ವ್ಯಾಪಾರ ನೆಲಕಚ್ಚಿತ್ತು. ಅಟಾರಿ ಕಂಪನಿಯ ಗೇಮ್ ಮಿಷಿನ್ 2600ಕ್ಕೆ ಯಾರು ಬೇಕಾದರೂ ಕ್ಯಾಸೆಟ್ ಮಾಡಬಹುದಿತ್ತು. ತಡೆಯುವ ಉಪಾಯ ಮಿಷಿನ್ನಿನಲ್ಲೇ ಇರಲಿಲ್ಲ. ಅಟಾರಿ ಬಿಟ್ಟವರು 1979ರಲ್ಲಿ ಕಟ್ಟಿದ ಆಕ್ಟಿವಿಷನ್ ಒಳ್ಳೆಯ ಆಟಗಳನ್ನೇ ಕೊಟ್ಟಿತು, ಆದರೆ ಅದರ ಹಿಂದೆ ಬಂದವರಲ್ಲಿ ಅನೇಕರದು ಕಳಪೆ ಸರಕು. ಮಾರಾಟವಾಗದ ರಾಶಿಯನ್ನು ಅಟಾರಿ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊದಲ್ಲಿ ಹೂಳಿತು. 2014ರಲ್ಲಿ ಅಗೆದಾಗ ಕ್ಯಾಸೆಟ್ಟುಗಳು ಸಿಕ್ಕವು. ವಿಡಿಯೊ ಗೇಮ್ ಅಂದರೆ ಅಂಗಡಿಯವರು ಬಾಗಿಲು ಹಾಕುವ ಕಾಲ ಅದು.

ಆ ಭಯಕ್ಕೆ ನಿಂಟೆಂಡೊ ಎರಡು ಉತ್ತರ ಹುಡುಕಿತು. ಮೊದಲನೆಯದು ವೇಷ. 1985ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಮಾರಾಟಕ್ಕಿಟ್ಟ ಎನ್‌ಇಎಸ್ ನೋಡಲು ವಿಸಿಆರ್ ತರಹ: ಲ್ಯಾನ್ಸ್ ಬಾರ್ ರೂಪಿಸಿದ ಬೂದು ಪೆಟ್ಟಿಗೆ, ಮುಂದೆ ಮುಚ್ಚಳ, ಕ್ಯಾಸೆಟ್ಟನ್ನು ಅಡ್ಡ ತಳ್ಳಿ ಕೆಳಕ್ಕೆ ಅದುಮಬೇಕು. ಹೀಗೆ ಅದುಮಿದಾಗಲೆಲ್ಲ ಸ್ಪ್ರಿಂಗಿನಂಥ ಪಿನ್ನುಗಳು ಬಾಗುತ್ತವೆ. ಸಾವಿರ ಸಲ ಬಾಗಿದ ಮೇಲೆ ಪುಟಿಯುವ ಗುಣ ಹೋಗುತ್ತದೆ.

ಎರಡನೆಯದು ಕಾವಲು, ಕಂಡಕಂಡವರು ಮಾಡಿದ ಕ್ಯಾಸೆಟ್ ಓಡದ ಹಾಗೆ. 10ಎನ್‌ಇಎಸ್ ಅನ್ನುವ ಚಿಪ್ ಮಿಷಿನ್ನಿನಲ್ಲಿ ಬೀಗವಾಗಿಯೂ ಕ್ಯಾಸೆಟ್ಟಿನಲ್ಲಿ ಕೀಲಿಯಾಗಿಯೂ ಕೂರುತ್ತದೆ. ಎರಡೂ ಒಂದೇ ಪ್ರೋಗ್ರಾಂ ಓಡಿಸುತ್ತಾ ಎಡೆಬಿಡದೆ ಬಿಟ್‌ಗಳನ್ನು ಹೋಲಿಸಿಕೊಳ್ಳುತ್ತವೆ. ಒಂದು ಬಿಟ್ ತಪ್ಪಿದರೂ ಬೀಗ ಇಡೀ ಮಿಷಿನ್ನನ್ನು ರೀಸೆಟ್ ಮಾಡುತ್ತದೆ. ದೀಪ ಮಿಣುಕುವುದು ಅದಕ್ಕೇ.

ಈ ಚಿಪ್ಪಿಗಾಗಿ ಪಿನ್ನುಗಳ ಲೆಕ್ಕವೂ ಬದಲಾಯಿತು. ಕಾವಲಿಗೆ 4 ಸೇರಿದವು, ಮುಂದೆ ಬೇರೆ ಉಪಕರಣ ಜೋಡಿಸಲೆಂದು ಅಡಿಯಲ್ಲಿಟ್ಟ ಎಕ್ಸ್‌ಪಾನ್ಷನ್ ಪೋರ್ಟಿಗೆ 10 ಸೇರಿದವು, ಕ್ಯಾಸೆಟ್ಟಿನಿಂದ ಧ್ವನಿ ಒಳಗೆ ತರುವ 2 ಹೋದವು. ಒಟ್ಟು 72. ಆ ಪೋರ್ಟಿಗೆ ನಿಂಟೆಂಡೊ ಕೊನೆಗೂ ಏನನ್ನೂ ಮಾರಲಿಲ್ಲ. ಹೋದ ಎರಡು ಪಿನ್ನುಗಳ ಬಗ್ಗೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕ್ಯಾಸಲ್‌ವೇನಿಯಾ ಅನ್ನುವ ಆಟದ ಮೂರನೇ ಭಾಗದ ಜಪಾನಿ ಕ್ಯಾಸೆಟ್ಟಿನಲ್ಲಿ ವಿಆರ್‌ಸಿ6 ಚಿಪ್ ಮೂರು ಹೆಚ್ಚುವರಿ ಧ್ವನಿಗಳನ್ನು ಕೊಡುತ್ತದೆ. ಅಮೆರಿಕದ ಕ್ಯಾಸೆಟ್ಟಿನಲ್ಲಿ ಅದೇ ಸಂಗೀತ ಬಡವಾಗಿದೆ.

ಸಡಿಲ ಪಿನ್ನೊಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಅದರ ಪಕ್ಕದಲ್ಲಿ ಒಂದು ತಪ್ಪನ್ನೂ ಕ್ಷಮಿಸದ ಚಿಪ್ ತಂದು ಕೂರಿಸಿದ್ದೇ ಅನಾಹುತ. ಇದಕ್ಕೆ ನಮ್ಮಲ್ಲೇ ಪುರಾವೆ ಇದೆ. 90ರ ದಶಕದಲ್ಲಿ ನಮ್ಮ ಊರುಗಳಲ್ಲಿ ಸಿಗುತ್ತಿದ್ದ ಟಿವಿ ಗೇಮ್‌ಗಳು ಬಹುಪಾಲು ಫ್ಯಾಮಿಕಾಮ್ ನಕಲುಗಳು, ಅದೇ 60 ಪಿನ್ನಿನ ಕ್ಯಾಸೆಟ್ಟು. ಪಿನ್ ಕೊಳೆಯಾದರೆ ಚಿತ್ರ ಚೆಲ್ಲಾಪಿಲ್ಲಿ ಆಗುತ್ತಿತ್ತು, ಇಲ್ಲವೇ ಪರದೆ ತುಂಬ ಒಂದೇ ಬಣ್ಣ. ಹೀಗೆ ಸೆಕೆಂಡಿಗೊಮ್ಮೆ ರೀಸೆಟ್ ಆಗುತ್ತಿರಲಿಲ್ಲ.

ಈಗ ರಿಪೇರಿ. ಮೊದಲು ಕ್ಯಾಸೆಟ್ ಬಿಚ್ಚಿ, ಹೆಚ್ಚಿನವಕ್ಕೆ 3.8 ಮಿ.ಮೀ. ಗೇಮ್‌ಬಿಟ್ ಅನ್ನುವ ವಿಶೇಷ ಸ್ಕ್ರೂಡ್ರೈವರ್ ತುದಿ ಬೇಕು. 90 ಶೇಕಡಾಕ್ಕಿಂತ ಹೆಚ್ಚಿನ ಐಸೊಪ್ರೊಪಿಲ್ ಆಲ್ಕೊಹಾಲನ್ನು ಹತ್ತಿಕಡ್ಡಿಗೆ ತಾಕಿಸಿ ಪಟ್ಟಿಗಳನ್ನು ಉಜ್ಜಿ, ಕಡ್ಡಿ ಬೆಳ್ಳಗೆ ಬರುವ ತನಕ. ಮೊಂಡು ಕಲೆಗೆ ಬಿಳಿ ರಬ್ಬರ್ ಸಾಕು. ಸ್ಯಾಂಡ್‌ಪೇಪರ್ ಬೇಡ, ಲೇಪ ಕಿತ್ತುಹೋಗುತ್ತದೆ.

ಆಮೇಲೆ ಮಿಷಿನ್. ಅಡಿಯ ಆರು ಸ್ಕ್ರೂ ತೆಗೆದು, ತಗಡಿನ ಹೊದಿಕೆ ಬಿಚ್ಚಿ, ಕ್ಯಾಸೆಟ್ ತಟ್ಟೆ ಸರಿಸಿದರೆ ಬೋರ್ಡಿನ ಅಂಚಿಗೆ ಸಿಕ್ಕಿಸಿದ 72 ಪಿನ್ನಿನ ಕನೆಕ್ಟರ್ ಕಾಣುತ್ತದೆ. ಎಳೆದರೆ ಬರುತ್ತದೆ, ಬೆಸುಗೆ ಇರುವುದಿಲ್ಲ. ಹೊಸದು ಕೊಳ್ಳುವ ಆತುರ ಬೇಡ. ಈಗ ಸಿಗುವ ಅಗ್ಗದ ಕನೆಕ್ಟರುಗಳಲ್ಲಿ ಅನೇಕವು ಕ್ಯಾಸೆಟ್ಟನ್ನು ಇಕ್ಕಳದ ಹಾಗೆ ಕಚ್ಚಿ ಹಿಡಿದು ಪಟ್ಟಿಗಳನ್ನೇ ಕೆರೆಯುತ್ತವೆ. ಹಳೆಯದನ್ನೇ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಸ್ವಚ್ಛ ಕ್ಯಾಸೆಟ್ ಬೋರ್ಡನ್ನು ಹತ್ತಿಪ್ಪತ್ತು ಸಲ ಹಾಕಿ ತೆಗೆದು, ಮತ್ತೆ ಕುದಿಸಿ. ಒಂದು ಇಡೀ ದಿನ ಒಣಗಿಸಿ. ಒಳಗೆ ತೇವ ಉಳಿದಿರುವಾಗ ಕರೆಂಟು ಕೊಡಬೇಡಿ.

ಇಷ್ಟಾದ ಮೇಲೂ ಮಿಣುಕಿದರೆ ಚಿಪ್ಪಿನ ಸರದಿ. ಬೋರ್ಡಿನಲ್ಲಿ ಯು10 ಎಂದು ಬರೆದಿರುವ, 16 ಕಾಲಿನದು. ಚಿಪ್ಪಿನ ಒಂದು ತುದಿಯಲ್ಲಿರುವ ಗುಳಿ ಮೇಲ್ಗಡೆ ಬರುವಂತೆ ಹಿಡಿದು, ಎಡಗಡೆ ಮೇಲಿನಿಂದ ಎಣಿಸಿ. ನಾಲ್ಕನೇ ಕಾಲು ಚಿಪ್ಪಿಗೆ ನೀನು ಬೀಗವೋ ಕೀಲಿಯೋ ಅಂತ ಹೇಳುವುದು. ಅದನ್ನು ಕತ್ತರಿಸಿ ಬೋರ್ಡಿನಿಂದ ಮೇಲೆತ್ತಿ, ತಂತಿಯಿಂದ ಗ್ರೌಂಡಿಗೆ ಬೆಸೆಯಿರಿ. ಚಿಪ್ ತಾನೇ ಕೀಲಿ ಅಂದುಕೊಂಡು ರೀಸೆಟ್ ಮಾಡುವುದನ್ನು ನಿಲ್ಲಿಸುತ್ತದೆ. ಬರೀ ಎತ್ತಿ ಬಿಟ್ಟರೂ ಸಾಮಾನ್ಯವಾಗಿ ನಡೆಯುತ್ತದೆ, ಗ್ರೌಂಡ್ ಮಾಡಿದರೆ ಭದ್ರ. ಹಳೇ ಮಿಷಿನ್ನಿಗೆ ಕೈ ಹಾಕುವುದು ತಪ್ಪು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. 1993ರಲ್ಲಿ ತಂದ, ಮೇಲಿನಿಂದ ಕ್ಯಾಸೆಟ್ ಹಾಕುವ ಎನ್‌ಇಎಸ್‌ನಲ್ಲಿ ನಿಂಟೆಂಡೊನೇ ಈ ಚಿಪ್ಪನ್ನು ಕೈಬಿಟ್ಟಿತು.

ಕಾಲು ಎತ್ತಿದ ಮೇಲೆ ಮಿಣುಕು ಹೋಗಿ ಪರದೆ ಒಂದೇ ಬಣ್ಣದಲ್ಲಿ ನಿಂತರೆ ಗಾಬರಿ ಬೇಡ. ಮೊದಲು ನೋಡಬೇಕಾದ್ದು ಆಟದ ಡೇಟಾ ತರುವ ಪಿನ್ನುಗಳನ್ನು. ಅವು ಇನ್ನೂ ಕೊಳೆಯಿರಬಹುದು. ಮತ್ತೆ ಹತ್ತಿಕಡ್ಡಿ ಹಿಡಿಯಿರಿ.

ಅಡಾಪ್ಟರಿನ ಬಗ್ಗೆ ಎಚ್ಚರ. ಎನ್‌ಇಎಸ್‌ನದು 9 ವೋಲ್ಟ್ ಎಸಿ ಕೊಡುತ್ತದೆ, ಫ್ಯಾಮಿಕಾಮ್‌ನದು 10 ವೋಲ್ಟ್ ಡಿಸಿ, ಅದೂ ನಡುವೆ ಮೈನಸ್. ಎನ್‌ಇಎಸ್ ಒಳಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇರುವುದರಿಂದ ಅದು ಡಿಸಿಯಲ್ಲೂ ಓಡುತ್ತದೆ. ಎನ್‌ಇಎಸ್ ಅಡಾಪ್ಟರನ್ನು ಫ್ಯಾಮಿಕಾಮ್‌ಗೆ ಚುಚ್ಚಿದರೆ ಮಾತ್ರ ಫ್ಯಾಮಿಕಾಮ್ ಕೆಟ್ಟಿತು ಅಂತಲೇ ಲೆಕ್ಕ. ಎರಡು ದೇಶದ ಅಡಾಪ್ಟರುಗಳೂ 100-120 ವೋಲ್ಟಿಗೆ ಮಾಡಿದವು. ನಮ್ಮ 230ಕ್ಕೆ ನೇರ ಹಾಕಬೇಡಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು.